ಇಲಿಸಾಬನ ಪೆಟ್ಟಿಗೆ

ಚಾಂದಪಾಶಾ ತಗಡಿನ ಪೆಟ್ಟಿಗೆಯನ್ನು ಅಂಗಳದ ತನಕ ಎಳೆದು ತಂದಿದ್ದ. ಅಣವೀರಪ್ಪ ಮಾಸ್ತರರು ಬಂದವರೇ ಅದರ ಮೇಲೆ ಕೂತುಬಿಟ್ಟರು. ಗೆಳೆಯ ಇಮಾಮುದ್ದೀನ್ ತೀರಿಕೊಂಡ ಸುದ್ದಿ ಕೇಳಿ ಕಮಲಾಪುರದಿಂದ ಮೊದಲ ಬಸ್ಸಿಗೆ ಬಂದಿದ್ದರು.

ಒಳಗೆ ಹೆಣದ ಮೈ ತೊಳೆಯುತ್ತಿದ್ದರು. ಜನಾಜಾ ಏಳುವ ಮೊದಲು ಈ ಹೊಲಸನ್ನು ಸುಟ್ಟುಬಿಡು ಎಂದು ಸತ್ತವನ ಹೆಂಡತಿ ಇಕ್ಬಾಲ್ ಬೇಗಂ ಪರದೆಯ ಹಿಂದಿನಿಂದ ತಮ್ಮ ಚಾಂದಪಾಶಾನಿಗೆ ಹೇಳಿದ್ದಳು. ಸಿಟ್ಟಿಗೆ ಕಾರಣವಿತ್ತು. ಎರಡು ವರ್ಷದ ಹಿಂದೆ, ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಕಮಲಾಪುರ ಬಿಟ್ಟು ಕಲಬುರಗಿಯ ರೋಜಾ ಓಣಿಯ ಈ ಖೋಲಿಗೆ ಓಡಿಬಂದಾಗ, ಗಂಡ ಅವಳ ತವರಿನ ತಾಮ್ರದ ಹಂಡೆ ಬಿಟ್ಟು ಈ ಪೆಟ್ಟಿಗೆಯನ್ನು ತಲೆಮೇಲೆ ಹೊತ್ತಿದ್ದ. ಓಣಿಯವರ ಬಾಯಲ್ಲಿ ಇಮಾಮಸಾಬ ಹೋಗಿ ಇಲಿಸಾಬ ಉಳಿದಿದ್ದ.

"ಏಳ್ರಿ ಮಾಸ್ತರ್. ಆಪಾ ಒಮ್ಮಿನೂ ಇದರ ಮುಚ್ಚಳ ತಗದಿಲ್ಲ."

"ಅದಕ್ಕ ಕೂತೀನಿ."

*

ಹರೆಯದ ದಿನಗಳು, ಕಾಳಾಪಾನಿಯಾಚೆಯ ದ್ವೀಪ. ಪ್ರಾಣಿಗಳ ಜಾತಿ ಗುರುತಿಸುವ ದೊರೆಯೊಬ್ಬನ ಕೈಕೆಳಗೆ ಇಮಾಮುದ್ದೀನ್ ತೊಗಲು ಸುಲಿದು ಹತ್ತಿ ತುಂಬಿ ಹೊಲಿಯುತ್ತಿದ್ದ. ದೊರೆ ಒಂದೇ ಜಾತಿಯೆಂದು ರಾಶಿ ಹಾಕಿದ್ದ ಇಲಿಗಳಲ್ಲಿ ಒಂಬತ್ತನ್ನು ಅವನು ಬೇರೆಯಿಟ್ಟ. ಓದು ಬಾರದವನು, ಬೆರಳಿಗೆ ತಿಳಿದಿತ್ತು. ಬೆನ್ನಿನ ರೋಮದ ನಡುವೆ ಮುಳ್ಳು, ಹಿಂಗಾಲು ಒಂದು ಅಕ್ಕಿಕಾಳಿನಷ್ಟು ಗಿಡ್ಡ.

"ಟುಮ್ ಗಲಟ್ ಬೋಲ್ಟಾ" ಎಂದು ದೊರೆ ಗದರಿದ್ದನ್ನು ಅವನು ಕಮಲಾಪುರದ ಕಟ್ಟೆಯ ಮೇಲೆ ಥೇಟ್ ಅದೇ ಮೂಗುದನಿಯಲ್ಲಿ ಆಡಿ ತೋರಿಸುತ್ತಿದ್ದ. ದೊರೆ ಮೂರು ದಿನ ಮಸೂರ ಹಿಡಿದು ನೋಡಿದನಂತೆ. ನಾಲ್ಕನೆಯ ದಿನ ಇಮಾಮುದ್ದೀನನ ಮುಂದೆ ಟೋಪಿ ತೆಗೆದನಂತೆ. ಯಾವ ಪುಸ್ತಕದಲ್ಲೂ ಇರದ ಜೀವ ಅದು. ಎಂಟು ವಿಲಾಯಿತಿಗೆ ಹೋದವು. ಒಂಬತ್ತನೆಯದನ್ನೂ ದ್ವೀಪದ ಬೇರೆ ಹತ್ತನ್ನೂ ದೊರೆ ಪೆಟ್ಟಿಗೆಯಲ್ಲಿಟ್ಟು ಅವನಿಗೇ ಕೊಟ್ಟ.

*

ಮಾಸ್ತರರು ಎದ್ದು ಮುಚ್ಚಳ ತೆಗೆದರು. ಹತ್ತಿಯ ಮೇಲೆ ಹನ್ನೊಂದು ಜೀವಗಳು ಮುಂಗಾಲು ಚಾಚಿ ಬೋರಲು ಮಲಗಿದ್ದವು, ಒಂದೊಂದರ ಹಿಂಗಾಲಿಗೂ ಚೀಟಿ. ಬೆಂಕಿಪೊಟ್ಟಣ ಹಿಡಿದಿದ್ದ ಚಾಂದಪಾಶಾ ಬಗ್ಗಿದವನು ಬಗ್ಗಿಯೇ ಉಳಿದ.

ಮಾಸ್ತರರು ಮುಳ್ಳಿನ ಇಲಿಯನ್ನು ಪರದೆಯ ಬಳಿ ಒಯ್ದರು. "ಭಾಭಿ, ಸುಡೂದಾದ್ರ ಸುಡ್ರಿ. ಒಂದ್ಸಲ ಕೈಯಾಗ ಹಿಡೀರಿ. ಇದು ಬ್ಯಾರೆ ಅಂತ ಪುಸ್ತಕದವರಿಗಿಂತ ಮೊದಲ ಅವನ ಬೆರಳಿಗೆ ಗೊತ್ತಾತು. ಆಮ್ಯಾಲ ಕೈ ತೊಳಕೋರಿ, ಹುಳ ಹತ್ತಬಾರದಂತ ಒಳಗ ವಿಷದ ಸಾಬೂನ ಹಚ್ಯಾನ."

ಬೆಳಿಗ್ಗೆಯಷ್ಟೇ ಬಳೆ ತೆಗೆದ ಕೈಯೊಂದು ಹೊರಬಂದು, ಅನುಮಾನಿಸಿ, ತೆಗೆದುಕೊಂಡಿತು. ಒಳಗೆ ಅಳುತ್ತಿದ್ದ ಹೆಂಗಸರು ಸುತ್ತ ಸೇರಿದ ಸದ್ದಾಯಿತು.

ಇಕ್ಬಾಲ್ ಬೇಗಂ ಕೇಳಿದಳು: "ಹೊಲಿಗಿ ಎಲ್ಲೈತ್ರಿ ಮಾಸ್ತರ್?"

"ನನಗೂ ಇನ್ನಾ ಸಿಕ್ಕಿಲ್ರಿ."

ಕಫನ್ ಹೊದಿಸಿದ್ದಾಯಿತು, ಹೊತ್ತಾಯಿತು ಎಂದು ಯಾರೋ ಕೂಗಿದರು. ಸುಡಬೇಕೋ ಬೇಡವೋ ಎಂದು ಚಾಂದಪಾಶಾ ಅಕ್ಕನನ್ನು ಕೇಳಿದ. ಪರದೆಯ ಕೆಳಗಿನಿಂದ ಅದೇ ಬೋಳು ಕೈ ಮತ್ತೆ ಬಂತು, ಖಾಲಿ, ಇನ್ನೊಂದು ಕೊಡಿ ಎಂಬಂತೆ ಅಂಗೈ ಮೇಲಾಗಿ. ಅದರ ಪಕ್ಕಕ್ಕೆ ಹಸಿರು ಬಳೆಯದೊಂದು, ಮದರಂಗಿ ಮಾಸದ್ದೊಂದು, ಸುಕ್ಕುಗಟ್ಟಿದ ಮುದಿಗೈಯೊಂದು.