ಮೇಸ್ತ್ರಿ ಏನಾಗಬೇಕು?

ಕಿರಿಯವನ ಬೆರಳುಗಳಿಗೆ ಸೀಮೆಎಣ್ಣೆ ಹಚ್ಚಿ ಬಡಗಿಯ ಹೆಂಡತಿ ಒಂದೇ ಸಮನೆ ಉಜ್ಜುತ್ತಿದ್ದಳು. ಉಗುರಿನ ಸಂದಿಯ ಪಾಲಿಶ್ ಬಿಡುತ್ತಿರಲಿಲ್ಲ. ಗಂಡನ ಶವದ ಪೆಟ್ಟಿಗೆಗೆ ಬೆಳಗ್ಗೆ ಪಾಲಿಶ್ ಬಳಿದದ್ದು ಸಾಕಿಕೊಂಡ ಈ ಮೂವರು ಮಕ್ಕಳೇ. ಬೇಡವೆಂದರೂ ಕೇಳಿರಲಿಲ್ಲ.

"ಸಾಕು ಬಿಡಮ್ಮ, ಚರ್ಮ ಕಿತ್ತು ಬಂದೀತು," ಎಂದ ಪಕ್ಕದ ಅಂಗಡಿಯ ದರ್ಜಿ.

"ಮಕ್ಕಳ ಇಲಾಖೆಯವರು ಬರ್ತಾರಂತೆ. ಈ ಕೈ ನೋಡಿದ್ರೆ ಏನಂದ್ಕೋತಾರೆ? ಮೂವರನ್ನೂ ಎತ್ಕೊಂಡು ಹೋಗ್ಬಿಟ್ರೆ?"

ಸಾವಿನ ಸುದ್ದಿ ಕೇಳಿ ಯಾರೋ ಇಲಾಖೆಗೆ ಫೋನ್ ಮಾಡಿದ್ದರು. ಮಕ್ಕಳಿಗೆ ಕಾಗದಪತ್ರ ಒಂದೂ ಇರಲಿಲ್ಲ. ದೇವರು ಕೊಟ್ಟದ್ದಕ್ಕೆ ರಸೀದಿ ಕೇಳಬಾರದು ಎನ್ನುವುದು ಆ ಪುಣ್ಯಾತ್ಮನ ವಾದ. ಈಗ ತನ್ನದೇ ಕೆಲಸದ ಮೇಜಿನ ಮೇಲಿಟ್ಟ ಪೆಟ್ಟಿಗೆಯಲ್ಲಿ ಆರಾಮಾಗಿ ಮಲಗಿದ್ದ. ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

*

ದಿಕ್ಕಿಲ್ಲದ ಹುಡುಗಿಯನ್ನು ಬಡಗಿ ಕರೆತಂದದ್ದು ಪ್ರಾರ್ಥನೆ ಮುಗಿಸಿ ಬರುವ ದಾರಿಯಲ್ಲಿ. ಮರುವರ್ಷ ಅಣ್ಣತಮ್ಮಂದಿರಿಬ್ಬರು.

"ನಮಗೇ ಸಾಲಲ್ಲ, ಇವಕ್ಕೇನು ಹಾಕೋದು?" ಎಂದಿದ್ದಳು ಅವಳು.

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ?"

"ಮೇಯಿಸಲ್ಲಪ್ಪ, ಸೀದಾ ನಿನ್ನ ಮನೆಗೆ ಕಳಿಸ್ತಾನೆ," ಎಂದು ದರ್ಜಿ ನಕ್ಕಿದ್ದ.

ಒಮ್ಮೆ ಊಟಕ್ಕೆ ಕೂತಾಗ ಕಿರಿಯವನು ಬಾಯಿತಪ್ಪಿ "ಅಪ್ಪ" ಎಂದುಬಿಟ್ಟ. ಬಡಗಿಯ ಕಣ್ಣು ತುಂಬಿತು. ಆದರೂ ತಲೆಯಾಡಿಸಿದ.

"ಹಾಗನ್ಬಾರ್ದು ಮರಿ. ಅಪ್ಪ ಅಂದ್ರೆ ಒಬ್ಬನೇ, ಮೇಲಿದ್ದಾನೆ. ನಾನು ಬರೀ ಮೇಸ್ತ್ರಿ."

ಅಂದಿನಿಂದ ಮೂವರಿಗೂ ಅವನು ಮೇಸ್ತ್ರಿಯೇ.

*

ಇಲಾಖೆಯ ಅಧಿಕಾರಿ ಕೆಟ್ಟವಳೇನಲ್ಲ. ಶವಕ್ಕೆ ತಲೆಬಾಗಿ, ದನಿ ತಗ್ಗಿಸಿಯೇ ಹುಡುಗಿಯನ್ನು ಕೇಳಿದಳು.

"ಇವರು ನಿನಗೆ ಏನಾಗ್ಬೇಕು ಪುಟ್ಟಿ?"

"ಮೇಸ್ತ್ರಿ."

ಪೆನ್ನು ನಿಂತಿತು. "ಏನು ಕೆಲಸ ಮಾಡಿಸ್ತಿದ್ರು?"

"ಉಪ್ಪುಕಾಗದದಲ್ಲಿ ಮರ ಉಜ್ಜೋದು. ನಮಗಿಷ್ಟ."

ಅಧಿಕಾರಿ ಮೂವರ ಕೈಗಳನ್ನೂ ನೋಡಿ ಬರೆಯತೊಡಗಿದಳು.

"ಅಯ್ಯೋ, ಅದು ಕರೆಯೋ ಹೆಸರು ಅಷ್ಟೇ ತಾಯಿ! ಕೆಲಸಕ್ಕಿಟ್ಕೊಂಡಿರ್ಲಿಲ್ಲ, ಹೆತ್ತವರಂಗೆ ಸಾಕಿದ್ವಿ!"

"ಮಕ್ಕಳೇ ಹೇಳಿದ್ರಲ್ಲಮ್ಮ. ಹೊರಗೆ ಗಾಡಿ ಇದೆ. ಮಣ್ಣು ಮಾಡೋವರೆಗೂ ಬೇಕಾದ್ರೆ ಕಾಯ್ತೀನಿ."

ಹೆಂಡತಿ ಕಿರಿಯವನ ಭುಜ ಹಿಡಿದು ಪೆಟ್ಟಿಗೆಯ ಎದುರು ನಿಲ್ಲಿಸಿದಳು.

"ಅವತ್ತು ಅಂದಿದ್ಯಲ್ಲ ಕಂದ, ಇನ್ನೊಂದ್ಸಲ ಅನ್ನು. ಅಪ್ಪ ಯಾರು? ಇವರಿಗೆ ತೋರಿಸು."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಕಾದಳು. ಹುಡುಗ ಪೆಟ್ಟಿಗೆಯೊಳಗಿನ ಮುಖವನ್ನೇ ನೋಡಿದ. ಮೇಸ್ತ್ರಿಯ ಎದುರಿಗೆ ತಪ್ಪು ಹೇಳಬಾರದು. ಬೆನ್ನು ನೆಟ್ಟಗೆ ಮಾಡಿ, ಬೆರಳೆತ್ತಿ, ಸೂರಿನತ್ತ ತೋರಿಸಿದ.