ಸ್ಟೂಲಿಗೆ ಅರ್ಧ ಟಿಕೆಟ್

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದೆಯಾ ಎಂದು ಸೋದರತ್ತೆ ಅವನನ್ನು ಚಿಕ್ಕಂದಿನಲ್ಲಿ ಬೈಯುತ್ತಿದ್ದಳು. ಬೈಗುಳ ಸವೆದು ಸವೆದು ಕೊನೆಗೆ ಚಕ್ರ ಅನ್ನುವುದೇ ಅವನ ಹೆಸರಾಗಿ ಉಳಿಯಿತು. ದೊಡ್ಡವನಾದ ಮೇಲೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡ. ಊರೂರು ಸುತ್ತುವುದು, ಬಸ್ಸು ತಪ್ಪಿಸಿಕೊಳ್ಳುವುದು, ತಪ್ಪು ರೈಲು ಹತ್ತಿ ಸೊಗಸಾಗಿ ನಿದ್ದೆ ಹೊಡೆಯುವುದು, ಯಾರದೋ ಸೂಟ್‌ಕೇಸು ಎತ್ತಿಕೊಂಡು ಬಂದು ಒಂದು ವಾರ ಯಾರದೋ ಅಂಗಿ ತೊಡುವುದು. ಆಮೇಲೆ ಅದನ್ನೆಲ್ಲ ನಗು ಉಕ್ಕುವ ಹಾಗೆ ಬರೆದು ಒಂದು ವಾರಪತ್ರಿಕೆಯ ಕೊನೆಯ ಪುಟಕ್ಕೆ ಕಳಿಸುವುದು. ಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದುವ ಜನ ಅವನಿಂದಲೇ ಹೆಚ್ಚಾದರು.

ಆದರೆ ನಿಜ ಹೇಳಬೇಕೆಂದರೆ ಜನ ಓದುತ್ತಿದ್ದುದು ಚಕ್ರನಿಗಾಗಿ ಅಲ್ಲ, ಸ್ಟೂಲ್ ಅತ್ತೆಗಾಗಿ.

ಆ ಪುಟದಲ್ಲಿ ಚಕ್ರ ಎಲ್ಲಿಗೆ ಹೋದರೂ ಹಿಂದೆಯೇ ಒಬ್ಬ ಅತ್ತೆ ಬರುತ್ತಿದ್ದಳು, ಕಂಕುಳಲ್ಲಿ ಮಡಚುವ ಸ್ಟೂಲು ಇಟ್ಟುಕೊಂಡು. ಎಂಥ ಜಲಪಾತವೇ ಇರಲಿ, ಅದರ ಎದುರು ಸ್ಟೂಲು ಬಿಚ್ಚಿ, ಕೂತು, "ಯಾರೋ ನಲ್ಲಿ ತಿರುಗಿಸಿ ಮರೆತು ಹೋಗಿದ್ದಾರೆ ನೋಡು" ಎನ್ನುವಳು. ಕುಸಿದ ಕೋಟೆಯ ಎದುರು ಕೂತು, "ರಿಪೇರಿಯವನು ನಾಳೆ ಬರ್ತೀನಿ ಅಂದಿದ್ನೇನೋ, ಪಾಪ" ಎನ್ನುವಳು. ಎಲ್ಲ ಕಡೆಯೂ ಕೂರುವಳು. ಆ ಪುಟದಲ್ಲಿ ಅವಳು ಎದ್ದು ನಿಂತದ್ದನ್ನು ಯಾರೂ ಕಂಡಿಲ್ಲ.

ಮನೆಯಲ್ಲಿದ್ದ ಅಸಲಿ ಅತ್ತೆ ಊರಾಚೆಯ ಸೇತುವೆ ದಾಟಿದವಳಲ್ಲ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಬೇರೆಯವರ ಬಟ್ಟೆ ಸರಿಮಾಡುವುದು ಅವಳ ಕೆಲಸ. ಪ್ಯಾಂಟಿನ ಕಾಲು ಮೋಟು ಮಾಡುವುದು, ಜಿಪ್ಪು ಬದಲಿಸುವುದು, ತಿಂದು ದಪ್ಪಗಾದವರಿಗೆ ಸೊಂಟ ಬಿಡಿಸಿಕೊಡುವುದು. ಸ್ಟೂಲು ಮಾತ್ರ ಅಸಲಿಯೇ. ಒಂದು ಕಾಲಿಗೆ ಹಳೇ ಬಟ್ಟೆ ಸುತ್ತಿದ್ದ ಆ ಸ್ಟೂಲಿನ ಮೇಲೆ ಕೂತು, ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನು ಕಚ್ಚಿಕೊಂಡು ಕೆಲಸ ಮಾಡುವಳು. ಬಾಯಲ್ಲಿ ಪಿನ್ನಿದ್ದರೆ ಪ್ರಪಂಚ ಮುಳುಗಿದರೂ ಅತ್ತೆ ಮಾತಾಡುವುದಿಲ್ಲ. ಪ್ರತಿ ವಾರ ಕೊನೆಯ ಪುಟವನ್ನೂ ಹಾಗೇ, ಪಿನ್ನು ಕಚ್ಚಿಕೊಂಡೇ ಓದಿ, ಮೂಗಿನಲ್ಲಿ ಒಂದು "ಹೂಂ" ಎಂದು ಮಡಚಿಡುವಳು. ಆ ಹೂಂ ಮೆಚ್ಚುಗೆಯೋ ಮುನಿಸೋ ಚಕ್ರನಿಗೆ ಇವತ್ತಿನವರೆಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ನರ್ಸಮ್ಮ ಕೋಟಿನ ಜಿಪ್ಪು ಹಾಕಿಸಿಕೊಳ್ಳಲು ಬಂದವಳು ಹೊಟ್ಟೆಕಿಚ್ಚಿನಿಂದ ನಿಟ್ಟುಸಿರು ಬಿಟ್ಟಳು.

"ನೀವೇ ಪುಣ್ಯವಂತರು ಬಿಡಿ ಅತ್ತೆ. ಕೂತಲ್ಲೇ ಕೂತು ಪ್ರಪಂಚ ಎಲ್ಲ ನೋಡಿಬಿಟ್ರಿ."

ಅತ್ತೆ "ಹೂಂ" ಎಂದಳು. ನರ್ಸಮ್ಮ ಹೋದ ಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಮೂಲೆಯಲ್ಲಿ ಕೂತು ಬರೆಯುತ್ತಿದ್ದ ಚಕ್ರ ಪೆನ್ನು ಕೆಳಗಿಟ್ಟ. ಪಿನ್ನು ಪೂರ್ತಿ ತೆಗೆದಳೆಂದರೆ ಮಾತು ದೊಡ್ಡದೇ ಇರಬೇಕು.

"ಲೋ ಚಕ್ರ, ನನ್ನನ್ನ ಆ ಸರೋವರದ ಊರಿಗೆ ಕರ್ಕೊಂಡು ಹೋಗು."

"ಯಾವ ಸರೋವರ ಅತ್ತೆ?"

"ನಾನು ಹೋಗಿ ಬಂದಿದೀನಲ್ಲ, ಅದು!"

ಉಳಿದ ಊರುಗಳಿಗಾದರೂ ಚಕ್ರ ಖುದ್ದು ಹೋಗಿದ್ದ. ಸರೋವರದ ಊರಿಗೆ ಅವನೂ ಹೋಗಿರಲಿಲ್ಲ. ಅದರ ಬಗ್ಗೆ ಬರೆದ ವಾರ ಜ್ವರ ಬಂದು ಹಾಸಿಗೆ ಹಿಡಿದಿದ್ದ. ಭೂಪಟದಲ್ಲಿ ಒಂದು ನೀಲಿ ಚುಕ್ಕೆ ಹುಡುಕಿ, ಮಲಗಿದಲ್ಲೇ ಬರೆದ. ಮುಂದಿನ ಕೋಣೆಯ ಮಿಷನ್ನು ಕಟಕಟ ಎಂದದ್ದು ಜ್ವರದ ಕಿವಿಗೆ ದೋಣಿಯ ಇಂಜಿನ್ನಾಯಿತು. ಹೊದ್ದುಕೊಂಡ ನೀಲಿ ಚಾದರ ನೀಲಿ ದೋಣಿಯಾಯಿತು. ಯಾರೋ ಬಟ್ಟೆ ಕೊಡಲು ಬಂದು ಬಾಗಿಲ ಗಂಟೆ ಒತ್ತಿದರೆ, ಮಂಜಿನೊಳಗೆ ಅಂಬಿಗ ಗಂಟೆ ಬಾರಿಸಿದ. ಆ ಅಂಬಿಗ ಅತ್ತೆಯ ಸ್ಟೂಲಿಗೂ ಅರ್ಧ ಟಿಕೆಟ್ ಹರಿದ ಎಂದು ಕೊನೆಯಲ್ಲಿ ಒಂದು ಒಗ್ಗರಣೆ ಬೇರೆ. ಓದಿದವರು ಬಿದ್ದು ಬಿದ್ದು ನಕ್ಕಿದ್ದರು.

"ಅತ್ತೆ, ಬೇರೆ ಒಳ್ಳೊಳ್ಳೆ ಜಾಗ ಇವೆ..."

"ಬೇಡ. ಎಲ್ಲಾನೂ ನನಗಿಂತ ಮುಂಚೆ ನೀನೇ ನೋಡಿಬಿಡ್ತೀಯ. ನಾನೇನು ಅಂದೆ ಅಂತಾನೂ ನೀನೇ ಹೇಳ್ತೀಯ. ನೀನೂ ನೋಡಿಲ್ಲದೇ ಇರೋದು ಅದೊಂದೇ ತಾನೆ? ಜ್ವರದಲ್ಲಿ ಗಂಜಿ ಕುಡಿಸಿದೋಳು ನಾನು, ನನಗೆ ಗೊತ್ತಿಲ್ವಾ! ಒಂದೇ ಒಂದು ಸಲ ನನ್ನ ಕಣ್ಣಲ್ಲಿ ನಾನು ಏನಾದ್ರೂ ನೋಡ್ಬೇಕು ಕಣೋ. ಆಗ್ಲಿಲ್ವಾ, ನನ್ನನ್ನ ಆ ಪುಟದಿಂದ ಇಳಿಸಿಬಿಡು. ಅತ್ತೆ ಬಿಟ್ಟು ನೀನೊಬ್ನೇ ತಿರುಗು."

ಚಕ್ರ ಒಳಗೆ ಹೋಗಿ ಸಂಪಾದಕರಿಗೆ ಫೋನು ಮಾಡಿ ಮೆಲ್ಲಗೆ ಕೇಳಿದ, ಅತ್ತೆ ಇಲ್ಲದ ಪುಟ ನಡೆಯುತ್ತಾ ಅಂತ. ಸಂಪಾದಕರು "ಅತ್ತೆ ಇಲ್ದಿದ್ರೆ ಆ ಜಾಗದಲ್ಲಿ ಪದಬಂಧ ಹಾಕ್ತೀನಿ" ಎಂದು ಫೋನಿಟ್ಟರು.

ಹಾಗಾಗಿ ಹೊರಟರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಗಾಜಿಗೆ ಹಣೆ ಒತ್ತಿ ಕೂತಳು. ಸೇತುವೆ ಬಂತು, ಸೇತುವೆ ಹೋಯಿತು. ಅವಳು ತಿರುಗಿ ಅದನ್ನೇ ನೋಡಿದಳು, ತನ್ನ ಅಂಗಡಿಯಲ್ಲಿ ಬಟ್ಟೆ ಮರೆತು ಹೋದ ಗಿರಾಕಿಯನ್ನು ನೋಡುವ ಹಾಗೆ. ಆಮೇಲೆ ಹೊಲ, ತಂತಿ ಕಂಬ, ನೀರಿಗೆ ಬಾಗಿದ ಮರ, ಒಗೆದು ಒಣಹಾಕಿದ ಅಂಗಿಗಳ ಉದ್ದುದ್ದ ಸಾಲು. "ಆ ಕೆಂಪಂಗಿಗೆ ಕಾಲರ್ ಸರಿಯಾಗಿ ಕೂತಿಲ್ಲ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ರಸ್ತೆ ಏರತೊಡಗಿದ ಹಾಗೆ ಮೋಡ ಇಳಿದು ಬಂದು ಬಸ್ಸಿನ ಬೆನ್ನು ಸವರಿತು. ಯಾರೋ ನಿದ್ದೆಯಲ್ಲಿ ನಕ್ಕರು. ಚಕ್ರನಿಗೆ ಮಾತ್ರ ಒಂದೇ ಚಿಂತೆ. ಅಲ್ಲಿ ನೀಲಿ ದೋಣಿಯಿಲ್ಲ, ಗಂಟೆಯಿಲ್ಲ, ಏನೂ ಇಲ್ಲ. ಅತ್ತೆ ಮುಖ ಚಿಕ್ಕದು ಮಾಡಿಕೊಂಡರೆ ಏನು ಗತಿ?

ಸರೋವರದ ದಡದಲ್ಲಿಳಿದಾಗ ಅವನಿಗೆ ಜ್ವರ ಮರುಕಳಿಸಿತೇನೋ ಅನ್ನಿಸಿತು.

ನೀಲಿ ದೋಣಿ ನಿಂತಿತ್ತು! ಅದೇ ನೀಲಿ. ಮುಂತುದಿಯಲ್ಲಿ ಹಿತ್ತಾಳೆಯ ಗಂಟೆ. ಟಿಕೆಟ್ ಕೊಡುವ ಗೂಡಿನ ಮೇಲೆ ಬಣ್ಣದ ಹಲಗೆ: ದೊಡ್ಡವರಿಗೆ ಪೂರ್ತಿ, ಮಕ್ಕಳಿಗೆ ಅರ್ಧ, ಸ್ಟೂಲಿಗೆ ಅರ್ಧ.

ಪಕ್ಕದ ಚಹಾ ಅಂಗಡಿಯವನು ಅತ್ತೆಯ ಕಂಕುಳಿನ ಸ್ಟೂಲು ಕಂಡದ್ದೇ ತಡ, ಸೌಟು ಹಿಡಿದುಕೊಂಡೇ ಓಡಿಬಂದ.

"ಅತ್ತೆ! ಬಂದ್ರಾ! ಮತ್ತೆ ಬಂದ್ರಾ! ಛೇ, ಹೋದ ಸಲ ನೀವು ಬಂದಾಗ ನಾನು ಅಂಗಡೀಲಿ ಇರ್ಲೇ ಇಲ್ಲ ನೋಡಿ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ನಿಮ್ಮದು ಓದಿ ಜನ ಬರೋಕೆ ಶುರುವಾದ್ರು. ನೀಲಿ ದೋಣಿ ಎಲ್ಲಿ, ನೀಲಿ ದೋಣಿ ಎಲ್ಲಿ ಅಂತ ಪ್ರಾಣ ತಿಂದ್ರು. ನಮ್ಮದು ಮೊದಲು ಹಸಿರು ಇತ್ತು. ನಾವೇ ಸರಿಯಾಗಿ ನೋಡಿಲ್ಲವೇನೋ ಅಂದ್ಕೊಂಡು ನೀಲಿ ಬಣ್ಣ ಬಳಿದ್ವಿ. ಗಂಟೆನೂ ತಂದ್ವಿ. ಹೌದಲ್ವಾ ಅತ್ತೆ, ಆಗ ನೀಲಿನೇ ಇತ್ತಲ್ವಾ?"

ಅತ್ತೆ ಚಕ್ರನ ಮುಖ ನೋಡಿದಳು. ಆಮೇಲೆ ಅಂಗಡಿಯವನ ಕಡೆ ತಿರುಗಿದಳು.

"ನೀಲಿನೇ ಇತ್ತಪ್ಪ. ಒಂದಿಷ್ಟು ಮಾಸಿತ್ತು ಅಷ್ಟೆ."

"ನಾನು ಹೇಳ್ಲಿಲ್ವಾ!" ಎಂದು ಅವನು ಊರಿಗೆಲ್ಲ ಕೇಳುವ ಹಾಗೆ ಕೂಗಿದ.

ಸ್ಟೂಲಿಗೂ ಟಿಕೆಟ್ ತೆಗೆದುಕೊಂಡು ದೋಣಿ ಹತ್ತಿದರು. ಬೇರೆ ಯಾರೂ ಇರಲಿಲ್ಲ. ಅಂಬಿಗ ಗಂಭೀರವಾಗಿ ಗಂಟೆ ಬಾರಿಸಿ ಇಂಜಿನ್ನು ಚಾಲೂ ಮಾಡಿದ. ಅತ್ತೆ ಮಧ್ಯದಲ್ಲಿ ಸ್ಟೂಲು ಬಿಚ್ಚಿ ಕೂತಳು. ಇಂಜಿನ್ನು ಕಟಕಟ ಎನ್ನುತ್ತಿತ್ತು.

ದಡ ಹಿಂದೆ ಸರಿಯಿತು. ಅತ್ತೆ ದೋಣಿಯ ಅಂಚನ್ನು ಬೆರಳಿನಿಂದ ಸವರಿದಳು.

"ಇದು ನಮ್ಮನೆ ಚಾದರದ ಬಣ್ಣ ಅಲ್ವೇನೋ?"

ಚಕ್ರ ತಲೆ ತಗ್ಗಿಸಿದ.

"ಈ ಸದ್ದು ನನ್ನ ಮಿಷನ್ನು. ಆ ಗಂಟೆ ನಮ್ಮ ಬಾಗಿಲಿಂದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಚುಚ್ಚಿತು. "ಇಷ್ಟು ದೂರ ಬಂದು ಮತ್ತೆ ನಮ್ಮ ಮುಂದಿನ ಕೋಣೇಲೇ ಕೂತಿದೀನಲ್ಲೋ. ಇಲ್ಲಿಗೂ ನನಗಿಂತ ಮುಂಚೆ ನೀನೇ ಬಂದುಬಿಟ್ಟಿದೀಯ."

ಇಷ್ಟು ವರ್ಷ ಒಬ್ಬ ಹೆಂಗಸಿನ ಬಾಯೊಳಗೆ ಕೂತು ಮಾತಾಡಿದ್ದೇನೆ, ಅವಳನ್ನು ಮನೆಯಿಂದ ಒಂದು ಹೆಜ್ಜೆ ಆಚೆ ಕರೆದುಕೊಂಡು ಹೋಗಿಲ್ಲ ಅನ್ನಿಸಿ ಚಕ್ರನಿಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಮಂಜು ಬಂತು. ಮೊದಲು ಗಂಟೆ ಮಾಯವಾಯಿತು, ಆಮೇಲೆ ದೋಣಿಯ ಮೂತಿ, ಆಮೇಲೆ ನೀರು. ಇನ್ನು ಮುಂದೆ ಹೋದರೆ ದಿಕ್ಕು ತಪ್ಪುತ್ತದೆ ಎಂದು ಅಂಬಿಗ ಇಂಜಿನ್ನು ನಿಲ್ಲಿಸಿದ. ಕಟಕಟ ನಿಂತ ಮೇಲೆ ಉಳಿದ ಮೌನ ಎಷ್ಟು ದೊಡ್ಡದಿತ್ತೆಂದರೆ ಅದರೊಳಗೆ ದೋಣಿ ಒಂದು ಗುಂಡಿಯ ಹಾಗೆ, ಯಾರದೋ ಬಿಳಿ ಅಂಗಿಯಿಂದ ಕಿತ್ತು ಬಿದ್ದ ಗುಂಡಿಯ ಹಾಗೆ ತೇಲುತ್ತಿತ್ತು.

"ಚಕ್ರ, ಆ ಕಡೆ ತಿರುಗಿ ಕಣ್ಣು ಮುಚ್ಚು" ಎಂದಳು ಅತ್ತೆ.

"ಯಾಕತ್ತೆ?"

"ನೀನು ನೋಡಿದ್ರೆ ಅದು ನಿಂದಾಗುತ್ತೆ. ತಿರುಗೋ!"

ಅವನು ಅವಳಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಅನುಮಾನ ಬೇಡವೆಂದು ಅಂಗೈಗಳನ್ನೂ ಕಣ್ಣಿಗೆ ಒತ್ತಿಕೊಂಡ. ಹೊಟ್ಟೆಪಾಡೇ ನೋಡುವುದಾದವನಿಗೆ ಅದು ಸಣ್ಣ ಕಷ್ಟವಲ್ಲ. ಕಣ್ಣು ಒಳಗೊಳಗೇ ತುರಿಸಿತು. ನೀರು ದೋಣಿಯ ಪಕ್ಕೆ ನೆಕ್ಕುವ ಸದ್ದು. ಎಲ್ಲೋ ದೂರದಲ್ಲಿ ದೊಡ್ಡ ಬಟ್ಟೆಯೊಂದನ್ನು ಕೊಡವಿದ ಹಾಗೆ ಒಂದು ಸದ್ದು. ಹತ್ತಿರ ಬಂತು. ತಣ್ಣನೆಯ ಗಾಳಿ ಕತ್ತಿನ ಮೇಲೆ ಹಾದುಹೋಯಿತು. ಅಂಬಿಗ ಉಸಿರು ಬಿಗಿಹಿಡಿದು "ಅಬ್ಬಾ" ಎಂದ.

ಆಗ ಸ್ಟೂಲು ಕಿರ್ರೆಂದಿತು. ಅತ್ತೆ ಎದ್ದು ನಿಂತಿದ್ದಳು.

ಒಮ್ಮೆ ಕಳ್ಳನೋಟ ಬೀರಿದರೆ ಯಾರಿಗೆ ಗೊತ್ತಾಗುತ್ತದೆ? ಬೆರಳು ಸ್ವಲ್ಪ ಸಡಿಲವಾಗಿಯೂ ಆಯಿತು. ಅಷ್ಟರಲ್ಲಿ ಅತ್ತೆ ನಕ್ಕದ್ದು ಕೇಳಿಸಿತು. ಸಣ್ಣ ನಗು, ಅವನು ಅವಳಿಗಾಗಿ ಎಂದೂ ಬರೆದಿರದ ನಗು. ಚಕ್ರ ಬೆರಳು ಮತ್ತೆ ಬಿಗಿಮಾಡಿದ.

ಎಷ್ಟು ಹೊತ್ತೋ. "ಈಗ ನೋಡಪ್ಪ" ಎಂದಾಗ ಕಣ್ಣು ಬಿಟ್ಟರೆ ಮಂಜು, ಬರೀ ಮಂಜು. ಅತ್ತೆಯ ರೆಪ್ಪೆಗಳ ಮೇಲೆ ಹನಿಗಳಿದ್ದವು.

"ಏನತ್ತೆ ಕಂಡಿದ್ದು?"

ಅತ್ತೆ ಸೆರಗಿನಿಂದ ಹನಿ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ಚಕ್ರ ಆಸೆಯಿಂದ ಅಂಬಿಗನ ಕಡೆ ತಿರುಗಿದ.

ಅಂಬಿಗ ಎರಡೂ ಕೈ ಮೇಲೆತ್ತಿದ. "ಬೇಡ ಸಾರ್, ಕೇಳ್ಬೇಡಿ. ಹೇಳಿದ್ರೆ ನೀವು ಬರೀತೀರ. ಬರೆದ್ರೆ ಜನ ಬರ್ತಾರೆ. ಗಂಟೆಯಾದ್ರೆ ಅಂಗಡೀಲಿ ಸಿಕ್ತು, ಇದನ್ನ ನಾವು ಎಲ್ಲಿಂದ ತಂದು ಇಡೋದು?"

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಸ್ಟೂಲನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತೂಕಡಿಸಿದಳು. ಸೇತುವೆ ಹತ್ತಿರವಾದಾಗ ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ನನ್ನನ್ನ ಪುಟದಿಂದ ಇಳಿಸ್ಬೇಡ, ಇರ್ಲಿ. ಇನ್ಮೇಲೆ ಹೋಗುವಾಗ ನಾನೂ ಬರ್ತೀನಿ. ಈ ಸಲ, ಅತ್ತೆ ಎದ್ದು ನಿಂತು ನೋಡಿದ್ಲು ಅಂತ ಬರಿ."

"ಏನು ನೋಡಿದ್ಲು ಅಂತ ಬರೀಲಿ?"

"ಅಷ್ಟೇ ಬರಿ."

ಅವನು ಅಷ್ಟೇ ಬರೆದ. ಕಣ್ಣು ಮುಚ್ಚಿಕೊಂಡು ಕೂತವನ ಪಡಿಪಾಟಲು, ಕಿರ್ರೆಂದ ಸ್ಟೂಲು, ಕತ್ತಿನ ಮೇಲೆ ಹಾದ ಗಾಳಿ, ಎಂದೂ ಬರೆದಿರದ ಆ ನಗು. ಕೊನೆಗೆ, ನಾನು ನೋಡಲಿಲ್ಲ, ಅತ್ತೆ ನೋಡಿದಳು ಎಂದು ನಿಲ್ಲಿಸಿದ. ಅದು ಅಚ್ಚಾಗಿ ಬಂದ ದಿನವೇ ಸಂಪಾದಕರು ಫೋನು ಮಾಡಿದರು.

"ಚೆನ್ನಾಗಿದೆ ಮಾರಾಯ, ಆದ್ರೆ ಅಲ್ಲಿ ಕಂಡಿದ್ದೇನು? ನನಗೊಬ್ಬನಿಗೆ ಹೇಳು, ನಾನು ಯಾರಿಗೂ ಹೇಳಲ್ಲ."

ಫೋನು ಕಿವಿಗಿಟ್ಟುಕೊಂಡೇ ಚಕ್ರ ಮುಂದಿನ ಕೋಣೆಗೆ ಬಂದ. ಬಾಗಿಲಲ್ಲಿ ನರ್ಸಮ್ಮ ಪತ್ರಿಕೆ ಹಿಡಿದು ಅದನ್ನೇ ಕೇಳಲು ನಿಂತಿದ್ದಳು. ಅತ್ತೆ ಯಾರದೋ ಬಿಳಿ ಅಂಗಿ ತೊಡೆಯ ಮೇಲೆ ಹರಡಿಕೊಂಡು, ಅದರ ಮಡಿಕೆಯಲ್ಲಿ ಏನನ್ನೋ ನೋಡುತ್ತಾ, ತನ್ನಷ್ಟಕ್ಕೇ ನಗುತ್ತಿದ್ದಳು.

"ಅತ್ತೆ, ಸಂಪಾದಕರು ಕೇಳ್ತಿದಾರೆ. ಏನು ಕಂಡಿದ್ದು ಅಂತ."

ಅತ್ತೆ ಡಬ್ಬಿಗೆ ಕೈಹಾಕಿ, ಗುಂಡುಪಿನ್ನುಗಳನ್ನು ಒಂದೊಂದಾಗಿ ತುಟಿಗಳ ನಡುವೆ ಸಾಲಾಗಿ ಜೋಡಿಸಿಕೊಂಡಳು. ಆಮೇಲೆ ಬೆರಳಿನಿಂದ ಬಾಯಿ ತೋರಿಸಿ, ಹೂಂ, ಎಂದಳು.