ಪಚಕ್ಕಣ್ಣನ ಬಲಗಾಲು

“ಚಪ್ಪಲಿ ಹೊಲಿಯೋನ ಮಗಳು ಹರಿದ ಚಪ್ಪಲೀನ ಡಬ್ಬೀಲಿ ಬಚ್ಚಿಟ್ಕೊಂಡು ಓಡಾಡೋದಾ? ನಾಲ್ಕು ಜನ ಕೇಳಿದ್ರೆ ನಂಗೇನಂತಾರೆ? ತಗೋ, ನೋಡು.”

ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಎರಡೂ ಚಪ್ಪಲಿಗಳನ್ನು ಅಂಗೈ ಮೇಲಿಟ್ಟು ತೋರಿಸಿದ. ನನ್ನ ಕೈಯಲ್ಲಿದ್ದ ಲೋಟ ಬಾಯಿಗೂ ಹೋಗದೆ ಕೆಳಕ್ಕೂ ಇಳಿಯದೆ ನಡುವೆಯೇ ನಿಂತಿತು. ಬಲಗಾಲಿನ ಚಪ್ಪಲಿಯ ತುದಿಯಲ್ಲಿ ಎರಡು ಪದರದ ಅಟ್ಟೆ ಹನ್ನೊಂದು ವರ್ಷದಿಂದ ಹಸಿದ ನಾಯಿಮರಿಯ ಬಾಯಿಯಂತೆ ತೆರೆದೇ ಇತ್ತು. ಈಗ ಅದು ತುಟಿ ಬಿಗಿದು ಕೂತಿತ್ತು. ಸುತ್ತಲೂ ಮೇಣದ ದಾರದ ಹೊಲಿಗೆ, ಇರುವೆ ಸಾಲಿನ ಹಾಗೆ ಒಂದೇ ಅಳತೆ.

“ಹನ್ನೊಂದು ಹೊಲಿಗೆ,” ಅಂದ ಅಪ್ಪ. “ಬೆಳಕು ಹರಿದ ಕೂಡ್ಲೇ ಕೂತೆ. ಸೂಜಿಗೆ ದಾರಾನೂ ನಾನೇ ಏರಿಸ್ದೆ, ನಿನ್ನ ಕರೀಲಿಲ್ಲ. ಕೈ ನೋಡಿಲ್ಲಿ, ಕೈ!”

ಬಲಗೈ ಚಾಚಿದ. ಮೂರು ತಿಂಗಳ ಹಿಂದೆ ಆ ಕೈ ನಡುಗಲು ಶುರುವಾದಾಗ, ನಲವತ್ತು ವರ್ಷದ ಅಂಗಡಿಗೆ ಬಾಗಿಲು ಹಾಕಿಸಿ ನಾನೇ ಅವನನ್ನು ನನ್ನ ಮನೆಗೆ ಕರೆತಂದಿದ್ದೆ. ಅವತ್ತಿನಿಂದ ಅವನ ಉಳಿ, ದಬ್ಬಣಗಳ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅತ್ತ ನೋಡುತ್ತಲೂ ಇರಲಿಲ್ಲ. ಇವತ್ತು ಆ ಕೈ ಗೋಡೆಗೆ ಹೊಡೆದ ಗೂಟದಂತೆ ಗಟ್ಟಿಯಾಗಿ ನಿಂತಿತ್ತು.

“ತುಂಬಾ ಚೆನ್ನಾಗಿದೆ ಅಪ್ಪ,” ಅಂದೆ.

ನಿಜ ಹೇಳಬೇಕೆಂದರೆ ಆ ಚಪ್ಪಲಿ ನನ್ನದಲ್ಲ. ಅಂದರೆ ಒಂದು ಕಾಲದಲ್ಲಿ ನನ್ನದೇ, ಆಮೇಲೆ ಪಚಕ್ಕಣ್ಣನದಾಯಿತು.

ಪಚಕ್ಕಣ್ಣ ಒಂದು ನೀರುನಾಯಿ. ಮೊದಲು ನೀರು ಸರಬರಾಜು ಕಚೇರಿಯವರು ‘ನಲ್ಲಿ ಬಿಗಿಯಾಗಿ ತಿರುಗಿಸಿ’ ಎಂದು ಮನೆಮನೆಗೆ ಹಂಚಿದ ಚೀಟಿಯ ಮೇಲೆ ಬೆರಳು ತೋರಿಸಿ ನಿಂತಿದ್ದ ಗೊಂಬೆಚಿತ್ರ ಅದು. ಆಮೇಲೆ ಟಿವಿಯಲ್ಲಿ ಅರ್ಧ ನಿಮಿಷ ಬಂತು. ಮಕ್ಕಳು ಬಿಡಲಿಲ್ಲ; ವಾರಕ್ಕೊಂದು ಕತೆಯಾಯಿತು. ಕಚೇರಿಯವರು ಇಟ್ಟ ಮಾರುದ್ದದ ಹೆಸರು ಈಗ ಅವರಿಗೂ ನೆನಪಿಲ್ಲ. ಅದು ನಡೆದರೆ ಪಚಕ್ ಪಚಕ್ ಅನ್ನುತ್ತದೆಂದು ಮಕ್ಕಳೇ ಪಚಕ್ಕಣ್ಣ ಎಂದು ಕರೆದರು. ಆ ಪಚಕ್ ನಾನು.

ಆಗ ನಾನು ಸ್ಟುಡಿಯೋದಲ್ಲಿ ಟೀ ಲೋಟ ತೊಳೆಯುತ್ತಿದ್ದೆ. ಒಂದು ಮಳೆಯ ದಿನ ನೆನೆದ, ಹರಿದ ಚಪ್ಪಲಿಯಲ್ಲೇ ಓಣಿಯುದ್ದ ನಡೆದು ಬಂದೆ. ಸದ್ದಿನ ವಿಭಾಗದ ಹಿರಿಯರು, ಎಲ್ಲರ ಬಾಯಲ್ಲಿ ‘ಕಿವಿ ಮೇಷ್ಟ್ರು’, ಬಾಗಿಲು ದಡಾರನೆ ತೆಗೆದು “ಯಾರದು ನಡೆದದ್ದು?” ಅಂದರು. ನೆಲ ಒದ್ದೆಯಾದದ್ದಕ್ಕೆ ಬೈಗುಳ ಬಿತ್ತು ಅಂದುಕೊಂಡೆ. “ಇನ್ನೊಂದ್ಸಲ ನಡಿಯಮ್ಮ!” ಅಂದರು. ಅವತ್ತಿನಿಂದ ಆ ಚಪ್ಪಲಿ ಕಾಲಿನಿಂದ ಕೈಗೆ ಬಂತು. ಒಂದು ತಟ್ಟೆಯ ತುಂಬ ಒದ್ದೆ ಮರಳು. ಪರದೆಯ ಮೇಲೆ ನೀರುನಾಯಿ ಹೆಜ್ಜೆ ಇಟ್ಟ ಹಾಗೆ ಮರಳ ಮೇಲೆ ನಾನು ಚಪ್ಪಲಿ ಹಾಕಿದ ಕೈ ಇಡುತ್ತೇನೆ. ಎಡದ್ದು ಬರೀ ‘ಪಚ’ ಅನ್ನುತ್ತದೆ. ಬಲದ್ದರ ಬಾಯಿಂದ ಗಾಳಿ ಹೊರಟು ಆ ‘ಕ್’ ಸೇರಬೇಕು. ಅದಿಲ್ಲದಿದ್ದರೆ ಅವನು ಯಾವುದೋ ಒಂದು ಬಾತುಕೋಳಿ. ಒಮ್ಮೆ ಹಳೆಯ ಸದ್ದನ್ನೇ ಕತ್ತರಿಸಿ ಅಂಟಿಸಿ ನೋಡಿದ್ದೆವು. ‘ನಮ್ಮ ಪಚಕ್ಕಣ್ಣನಿಗೆ ಹುಷಾರಿಲ್ವಾ?’ ಎಂದು ಮಕ್ಕಳಿಂದ ಮೂಟೆಗಟ್ಟಲೆ ಕಾಗದ ಬಂತು.

ಗುಡಿಸುವವರು ಎರಡು ಸಲ ಕಸವೆಂದು ಎಸೆದಿದ್ದರಿಂದ ದಿನಾ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಮನೆಗೇ ತರುತ್ತಿದ್ದೆ. ಅಪ್ಪ ಬಂದ ಮೇಲೆ ಅದು ನಾಯಿಗೆ ಹೆದರಿ ಹಾಲನ್ನು ಬೆಕ್ಕಿನ ಮುಂದೆ ಇಟ್ಟ ಹಾಗಾಯಿತು.

ಅಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ‘ಟಿವೀಲಿ ಸದ್ದು ಹಾಕೋ ಕೆಲಸ’ ಎಂದಿದ್ದೆ. ಯಾವುದೋ ಗುಂಡಿ ತಿರುಗಿಸುತ್ತಾಳೆ ಅಂದುಕೊಂಡಿದ್ದ. ಚಪ್ಪಲಿಯನ್ನು ಕೈಗೆ ಹಾಕಿಕೊಂಡು ಅನ್ನ ತಿನ್ನುತ್ತೇನೆ ಎಂದು ಚಪ್ಪಲಿ ಹೊಲಿಯುವವನಿಗೆ ಹೇಗೆ ಹೇಳುವುದು ಎಂದು ಮೊದಮೊದಲು ಮುಂದೂಡಿದೆ. ಆಮೇಲೆ ಅದು ಹೇಳುವ ವಿಷಯವಾಗಿಯೇ ಉಳಿಯಲಿಲ್ಲ.

“ಹಾಕ್ಕೋ,” ಅಂದ. “ಇವತ್ತು ಇದನ್ನೇ ಹಾಕ್ಕೊಂಡು ಹೋಗು. ನಾನೂ ಬರ್ತೀನಿ. ನಿಮ್ಮಾಫೀಸು ತೋರಿಸ್ತೀನಿ ಅಂತ ಮೂರು ತಿಂಗಳಿಂದ ಇವತ್ತು ನಾಳೆ ಅಂತಿದ್ದೀಯ.”

“ಇವತ್ತು ತುಂಬಾ ಕೆಲ್ಸ ಅಪ್ಪ.”

“ನಾನೇನು ನಿನ್ನ ಸೊಂಟದ ಮೇಲೆ ಕೂರ್ತೀನಾ? ಮೂಲೇಲಿ ಇರ್ತೀನಿ.”

ಹೊರಟೆವು. ದಾರಿಯುದ್ದಕ್ಕೂ ಅವನ ಕಣ್ಣು ನನ್ನ ಕಾಲ ಮೇಲೆ. ನಾನು ಕಂಡ ಕಂಡ ಕಲ್ಲಿಗೆಲ್ಲ ಬೇಕೆಂದೇ ಬಲಗಾಲು ಎಡವಿದೆ. ಪಾದಚಾರಿ ದಾರಿಯ ಅಂಚು, ಮೋರಿಯ ಮುಚ್ಚಳ, ದೀಪದ ಕಂಬ, ಯಾವುದನ್ನೂ ಬಿಡಲಿಲ್ಲ. ಬೆರಳು ಊದಿತೇ ಹೊರತು ಹೊಲಿಗೆ ಜಪ್ಪಯ್ಯ ಅನ್ನಲಿಲ್ಲ.

“ನೋಡಿದ್ಯಾ!” ಅಪ್ಪ ಹಿಗ್ಗಿದ. “ಎಡವಿದ್ರೂ ಬಿಡಲಿಲ್ಲ! ಆದ್ರೂ ನೋಡ್ಕೊಂಡು ನಡಿಯೇ, ಎಲ್ಲಿದೆ ನಿನ್ನ ಗಮನ?”

ಬಸ್ಸಿನಲ್ಲಿ ಕೈಚೀಲದೊಳಗೆ ಉಗುರು ಕತ್ತರಿ ಸಿಕ್ಕಿತು. ಬಗ್ಗಿ ಒಂದು ದಾರ ಹಿಡಿದದ್ದೇ ತಡ, “ಏನು ಬಿತ್ತು?” ಅಂದ. “ಏನಿಲ್ಲ,” ಎಂದು ನೆಟ್ಟಗೆ ಕೂತೆ. ಐದು ನಿಮಿಷ ಬಿಟ್ಟು ಮತ್ತೆ ಬಗ್ಗಿದೆ. “ಹೊಟ್ಟೆ ನೋವಾ?” ಅಂದ. ಮುಂದಿನ ಸೀಟಿನ ಪುಟ್ಟ ಹುಡುಗಿ ತನ್ನ ಅಮ್ಮನಿಗೆ ಹೇಳುತ್ತಿದ್ದಳು: “ಅಮ್ಮಾ, ಸಂಜೆ ಪಚಕ್ಕಣ್ಣ ಒಬ್ಬನೇ ಹೋಗ್ತಾನಂತೆ, ಮಾತೇ ಆಡಲ್ವಂತೆ.”

ನಿಜ. ಇವತ್ತು ಬೆಳಿಗ್ಗೆ ಸದ್ದು ಹಾಕಿ ಸಂಜೆಯೇ ಟಿವಿಗೆ ಹೋಗಬೇಕಾದ ಕತೆ ಅದೇ. ಎಲ್ಲರೂ ಮಲಗಿದ ಬೀದಿಯಲ್ಲಿ ಎಲ್ಲೋ ಒಂದು ನಲ್ಲಿ ಸೋರುತ್ತಿದೆ. ಪಚಕ್ಕಣ್ಣ ಹುಡುಕುತ್ತಾ ಹೋಗುತ್ತಾನೆ. ಎರಡು ನಿಮಿಷ ಹಾಡಿಲ್ಲ, ಮಾತಿಲ್ಲ. ಬರೀ ಹೆಜ್ಜೆ.

ಸ್ಟುಡಿಯೋ ತಲುಪಿದಾಗ ಹತ್ತಕ್ಕೆ ಐದು ನಿಮಿಷ. ಅಪ್ಪನನ್ನು ರೆಕಾರ್ಡಿಂಗ್ ಕೋಣೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದೆ. ನಾನು ಚಪ್ಪಲಿ ಕಳಚಿ ಕೈಗೆ ಹಾಕಿಕೊಂಡಾಗ ಅವನ ಹುಬ್ಬು ಹಣೆಗೆ ಏರಿತು. ಆದರೆ ಗಾಜಿನಾಚೆಯಿಂದ ಮೇಷ್ಟ್ರು ಆಗಲೇ ಕೈ ಎತ್ತಿದ್ದರು. ಪರದೆಯ ಮೇಲೆ ನೀರುನಾಯಿ ಹೆಜ್ಜೆ ಇಟ್ಟಿತು.

ಪಚ. ಪಚ. ಪಚ.

“ನಿಲ್ಸು ನಿಲ್ಸು!” ಮೇಷ್ಟ್ರ ದನಿ ಸ್ಪೀಕರಿನಿಂದ ಬಂತು. “ಏನಮ್ಮಾ ಇದು, ಯಾರೋ ರೊಟ್ಟಿ ತಟ್ಟಿದ ಹಾಗಿದೆ!”

ಮತ್ತೆ ಮಾಡಿದೆ. ಮರಳಿಗೆ ನೀರು ಹೆಚ್ಚಿಸಿ ಮಾಡಿದೆ. ಕೈ ಓರೆ ಮಾಡಿದೆ. ಮೇಷ್ಟ್ರು ಬಾಗಿಲು ತೆರೆದು ಒಳಗೇ ಬಂದರು, ಬಲಗೈಯ ಚಪ್ಪಲಿ ಕಿತ್ತುಕೊಂಡು ಬೆಳಕಿಗೆ ಹಿಡಿದರು.

“ಆಹಾ! ಯಾರಪ್ಪಾ ಇದನ್ನ ಹೊಲಿದ ಮಹಾನುಭಾವ?”

ಅಪ್ಪ ಸ್ಟೂಲಿನಿಂದ ಎದ್ದು ನಿಂತ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. “ನಾನೇ ಸ್ವಾಮಿ. ಇವಳ ತಂದೆ. ಹನ್ನೊಂದು ಹೊಲಿಗೆ.”

ಮೇಷ್ಟ್ರು ಬಾಯಿ ತೆರೆದವರು ಹಾಗೆಯೇ ನನ್ನ ಕಡೆ ನೋಡಿದರು. ನಾನು ಮರಳು ನೋಡಿದೆ. ಗಾಜಿನಾಚೆ ರೆಕಾರ್ಡಿಂಗ್ ಯಂತ್ರದ ಮುಂದೆ ಕೂತಿದ್ದ ಹೆಂಗಸು ಹಣೆ ಚಚ್ಚಿಕೊಂಡಳು.

“ಅಪ್ಪ,” ಅಂದೆ, “ಪಚಕ್ಕಣ್ಣ ನಡೆಯೋದು ಈ ಚಪ್ಪಲೀಲಿ. ಆ ಸದ್ದು ಬರೋದು... ಅದು ಬಾಯಿ ಬಿಟ್ಕೊಂಡಿತ್ತಲ್ಲ, ಅಲ್ಲಿಂದ.”

ಅಪ್ಪ ಚಪ್ಪಲಿ ನೋಡಿದ, ಮರಳಿನ ತಟ್ಟೆ ನೋಡಿದ, ಪರದೆಯ ಮೇಲೆ ಒಂದು ಕಾಲೆತ್ತಿ ಕಲ್ಲಾಗಿದ್ದ ನೀರುನಾಯಿಯನ್ನು ನೋಡಿದ.

“ಹರಿದಿದ್ದೇ ಬೇಕಾಗಿತ್ತಾ?”

“ಹೂಂ.”

“ಬೆಳಿಗ್ಗೇನೇ ಯಾಕೆ ಬೊಗಳಲಿಲ್ಲ?”

“ನಿನ್ ಕೈ ನಡುಗ್ತಿರಲಿಲ್ಲ, ಅದಕ್ಕೆ.”

ಅವನು ಸ್ಟೂಲಿನ ಮೇಲೆ ಕೂತ. ಬಲಗೈಯನ್ನು ತೊಡೆಯ ಕೆಳಗೆ ತೂರಿಸಿಕೊಂಡ. ಆದರೂ ಮೊಣಕೈ ಅದುರುವುದು ಕಾಣುತ್ತಿತ್ತು. ನನಗೆ ಕೂರಲೂ ಆಗದು, ನಿಲ್ಲಲೂ ಆಗದು. ಮೇಷ್ಟ್ರು ಗಡಿಯಾರ ನೋಡಿದರು, ಮತ್ತೆ ನೋಡಿದರು, ಅದೇನೋ ಬೇರೆ ಸಮಯ ತೋರಿಸೀತು ಎಂಬಂತೆ.

“ಹಳೇ ಸದ್ದು ಇದ್ರೆ ಹಾಕಿ,” ಅಂದ ಅಪ್ಪ ಇದ್ದಕ್ಕಿದ್ದಂತೆ. “ಕೇಳೋಣ.”

ಹಾಕಿದರು. ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಹಾಕಿಸಿದ. ಅಂಗಡಿಯಲ್ಲಿ ಯಾರೇ ಬಂದರೂ ಮುಖಕ್ಕಿಂತ ಮೊದಲು ಅವರು ಮೆಟ್ಟಿಲು ಹತ್ತುವ ಸದ್ದು ಕೇಳುತ್ತಿದ್ದವನು ಅವನು.

“ಈ ಪ್ರಾಣಿ ಬಲಗಾಲಲ್ಲಿ ಹೆಬ್ಬೆರಳಿನ ಕಡೆ ಭಾರ ಹಾಕುತ್ತೆ,” ಅಂದ. “ಆ ಕಡೆ ಐದು ಹೊಲಿಗೆ ಬಿಚ್ಚಿದ್ರೆ ಸಾಕು. ಮಿಕ್ಕ ಆರು ಇರ್ಲಿ. ಅದನ್ನೂ ಬಿಚ್ಚಿದ್ರೆ ಮುಂದಿನ ತಿಂಗಳು ಇಡೀ ಅಟ್ಟೆ ಕಳಚಿ ಕೈಗೆ ಬರುತ್ತೆ. ಆಮೇಲೆ ನಿಮ್ಮ ಅಣ್ಣ ಕುಂಟಬೇಕಾಗುತ್ತೆ. ಚಾಕು ಕೊಡಿ.”

“ನಾನು ಬಿಚ್ತೀನಿ ಅಪ್ಪ.”

“ನೀನು ಬಿಚ್ಚಿದ್ರೆ ಚರ್ಮಾನೂ ಸೀಳ್ತೀಯ. ಹೊಲಿದೋನೇ ಬಿಚ್ಚಬೇಕು. ನೀನು ಹಿಡ್ಕೋ.”

ನಾನು ಚಪ್ಪಲಿಯ ಹಿಮ್ಮಡಿ ಒತ್ತಿ ಹಿಡಿದೆ. ಚಾಕುವಿನ ಮೊನೆ ದಾರದ ಮೇಲೆ ನಿಲ್ಲದೆ ಅತ್ತಿತ್ತ ಜಾರಿತು. “ಹೊಲಿಯೋವಾಗ ಸುಮ್ನಿತ್ತು ಕಳ್ಳಮುಂಡೇದು,” ಎಂದು ತನ್ನ ಕೈಗೇ ಬೈದುಕೊಂಡ. ಮೇಷ್ಟ್ರು ಬಗ್ಗಿ ತಮ್ಮ ಎರಡೂ ಕೈಯಿಂದ ಅಪ್ಪನ ಮೊಣಕೈಗೆ ಆಸರೆ ಕೊಟ್ಟರು. ಒಂದು ಹೊಲಿಗೆ ಹೋಯಿತು. ಎರಡು. ಐದು. ಕೊನೆಗೆ ಹೊಲಿಗೆಯಡಿ ತಾನೇ ಹಚ್ಚಿದ್ದ ಅಂಟನ್ನೂ ಬಿಡಿಸಿದ.

ಮರಳ ಮೇಲೆ ಇಟ್ಟೆ. ‘ಪಚಪ್’ ಅಂದಿತು.

“ಹತ್ತಿರ ಬಂತು,” ಅಂದರು ಮೇಷ್ಟ್ರು. ದನಿಯಲ್ಲಿ ಅಷ್ಟೇನೂ ಆಸೆ ಇರಲಿಲ್ಲ.

ಅಪ್ಪ ತಲೆ ಕೆರೆದುಕೊಂಡ. “ತಡಿ. ಒಳಗೆ ಹಿಡಿ ತುಂಬ ಕೊಳೆ ಮರಳಿತ್ತು. ಎಂಥ ಗಲೀಜು ಹುಡುಗಿ ಅಂತ ಬೈಕೊಂಡು ತೊಳೆದುಬಿಟ್ಟೆ.” ತಟ್ಟೆಯಿಂದ ಎರಡು ಚಿಟಿಕೆ ಮರಳು ತೆಗೆದು ಆ ಬಾಯೊಳಗೆ ಬೆರಳಿನಿಂದ ತೂರಿಸಿದ, ಮಗುವಿಗೆ ಔಷಧಿ ಹಾಕುವ ಹಾಗೆ. “ಈಗ ಇಡು. ಆಗ ಇಟ್ಟ ಹಾಗೆ ಹೆದ್ರಿ ಇಡಬೇಡ.”

ಪಚಕ್.

ಗಾಜಿನಾಚೆಯ ಹೆಂಗಸು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದಳು. ಮೇಷ್ಟ್ರು ತಮ್ಮ ಜಾಗಕ್ಕೆ ಓಡಿದರು.

“ಇನ್ಮೇಲೆ ಹೊಲಿಯೋಕೆ ಮುಂಚೆ ನನ್ನ ಕೇಳು,” ಅಂದೆ ನಾನು.

“ಇನ್ಮೇಲೆ ಏನು ಕೆಲ್ಸ ಮಾಡ್ತೀಯ ಅಂತ ಮನೇಲಿ ಹೇಳು,” ಅಂದ ಅಪ್ಪ. “ಇಡೀ ಬೀದಿಗೆ ಗುಂಡಿ ತಿರುಗಿಸ್ತಾಳೆ ಅಂತ ಹೇಳ್ಕೊಂಡು ಬಂದಿದ್ದೀನಿ.”

ಕೆಂಪು ದೀಪ ಹತ್ತಿತು. ಅಪ್ಪ ತನ್ನ ಕಿರ್ರೆನ್ನುವ ಬೂಟುಗಳನ್ನು ಕಳಚಿ ಎದೆಗೆ ಅವಚಿಕೊಂಡು ಬಾಗಿಲ ಪಕ್ಕ ಬರಿಗಾಲಲ್ಲಿ ನಿಂತ. ಪರದೆಯ ಮೇಲೆ ಕತ್ತಲ ಬೀದಿಯಲ್ಲಿ ಪಚಕ್ಕಣ್ಣ ಒಂದು ಕ್ಷಣ ನಿಂತು, ಕಿವಿ ನಿಮಿರಿಸಿ, ಬಲಗಾಲು ಎತ್ತಿದ. ನಾನು ಬಲಗೈ ಎತ್ತಿದೆ. ಓರೆಗಣ್ಣಿಗೆ ಕಂಡಿತು: ಅಪ್ಪನ ಬಲಗಾಲೂ ನೆಲದಿಂದ ಒಂದು ಅಂಗುಲ ಮೇಲಿತ್ತು.